ರೊಟ್ಟಿ ಬಡಿಯುವ ಕೈಗೆ ಸ್ವಂತ ರಕ್ತದ ಮದ್ದು

ನನ್ನ ಮೊಣಕೈಗೆ ಬಂದ ಬೇನೆಯ ಹೆಸರು ಟೆನಿಸ್ ಎಲ್ಬೋ. ಟೆನಿಸ್ ಬ್ಯಾಟನ್ನು ಕೈಯಲ್ಲಿ ಹಿಡಿಯುವುದು ಹಾಗಿರಲಿ, ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ನಾನು ಅದನ್ನು ನೋಡಿದವಳಲ್ಲ. ಗಂಗಾವತಿಯಲ್ಲಿ ಹುಟ್ಟಿ, ಕುಷ್ಟಗಿಗೆ ಸೊಸೆಯಾಗಿ ಬಂದು, ಅರ್ಧ ಆಯುಷ್ಯವನ್ನು ಜೋಳದ ರೊಟ್ಟಿ ಬಡಿಯುವುದರಲ್ಲಿ ಕಳೆದವಳು ನಾನು. ಕೊಪ್ಪಳದ ಎಲುಬಿನ ಡಾಕ್ಟರು ಆ ಹೆಸರು ಹೇಳಿದಾಗ ನನಗೆ ಸಿಟ್ಟೇ ಬಂತು.

“ಆಟ ಆಡಿದವ್ರು ಯಾರೋ, ಬ್ಯಾನಿ ನನಗ ಯಾಕ್ರಿ?” ಎಂದೆ.

ಡಾಕ್ಟರು ಸಣ್ಣ ವಯಸ್ಸಿನವರು, ನಗುಮುಖದವರು. “ಹೆಸರಷ್ಟ ಆಟದ್ದು ಅಕ್ಕಾರ. ನಮ್ಮ ಕಡೆ ಇದು ಬರೂದು ರೊಟ್ಟಿ ಬಡಿಯಾರಿಗೆ, ಬಟ್ಟಿ ಹಿಂಡಾರಿಗೆ,” ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ, “ಹಂಗಾರ ರೊಟ್ಟಿ ಎಲ್ಬೋ ಅಂತ ಬರೀರಿ,” ಎಂದು ತಾವೇ ಹೇಳಿ ತಾವೇ ನಕ್ಕರು. ನಾನು ನಗಲಿಲ್ಲ. ಆಗ ಅವರ ಜೊತೆ ನನ್ನ ಮಾತು ನಿಂತಿತ್ತು. ಯಾಕೆ ನಿಂತಿತ್ತೆಂದು ಮೊದಲು ಹೇಳಬೇಕು.

ಶುರುವಿನಲ್ಲಿ ಆ ನೋವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒದ್ದೆ ಸೀರೆ ಹಿಂಡುವಾಗ ಮೊಣಕೈಯ ಹೊರಮಗ್ಗುಲಲ್ಲಿ ಚಳಕ್ ಎನ್ನುತ್ತಿತ್ತು. ಆಮೇಲೆ ಕುಕ್ಕರಿನ ಮುಚ್ಚಳ ತಿರುವಲು ಗಂಡನನ್ನು ಕರೆಯಬೇಕಾಯಿತು. ಆಮೇಲೆ ಹಾಲಿನ ಪಾತ್ರೆ ಕೈ ಜಾರಿತು. ಊರಿನಲ್ಲಿ ಪೈಪು, ಮೋಟಾರುಗಳ ಅಂಗಡಿ ಇಟ್ಟುಕೊಂಡಿರುವ ನಮ್ಮವರು ನನ್ನ ಕೈ ಹಿಡಿದು ಹಿಂದೆ ಮುಂದೆ ಆಡಿಸಿ, “ಬೇರಿಂಗ್ ಹೋಗೈತಿ,” ಎಂದು ತೀರ್ಪು ಕೊಟ್ಟರು. ಇಷ್ಟಾದರೂ ಬೆಳಿಗ್ಗೆ ರೊಟ್ಟಿಗೆ ಕೂತರೆ ಹಲ್ಲು ಕಚ್ಚಿ ಬಡಿಯುತ್ತಿದ್ದೆ. ಯಲಬುರ್ಗಾದಿಂದ ನಾದಿನಿಯ ಮನೆಯವರು ಬಂದ ದಿನ ನನ್ನ ಗರ್ವ ಇಳಿಯಿತು. ಪಡಸಾಲೆಯಲ್ಲಿ ಎಲ್ಲರೂ ತಾಟು ಹಾಕಿಕೊಂಡು ಕೂತಿದ್ದಾರೆ. ಬಡಿಯುವ ಕಲ್ಲಿನ ಮೇಲಿಂದ ರೊಟ್ಟಿ ಎತ್ತಿ ಹಂಚಿಗೆ ಹಾಕಬೇಕು. ಕೈ ಅರ್ಧ ದಾರಿಗೆ ಬರುತ್ತಲೇ ಮೊಣಕೈಯಲ್ಲಿ ಬೆಂಕಿ ಹೊತ್ತಿದ ಹಾಗಾಗಿ, ರೊಟ್ಟಿ ನಡುವೆ ಮುರಿದು ಒಲೆಯ ಬಾಯಿಗೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಅತ್ತೆ ಅದನ್ನು ನೋಡಿದರು. ಅವರು ಬೈಯದಿದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಗಂಗಾವತಿಯ ನನ್ನ ತವರುಮನೆ ಅಕ್ಕಿ ಗಿರಣಿಗಳ ನಡುವೆ ಇದೆ. ಅಲ್ಲಿ ಮೂರು ಹೊತ್ತೂ ಅನ್ನ. ಮದುವೆಯಾಗಿ ಕುಷ್ಟಗಿಗೆ ಬಂದ ಮರುದಿನವೇ ಅತ್ತೆ ತಾವರಗೇರಾ ಸಂತೆಯ ಬಿಳಿಜೋಳದ ಹಿಟ್ಟನ್ನು ಪರಾತದಲ್ಲಿ ಸುರಿದು ನನ್ನ ಮುಂದೆ ತಳ್ಳಿದರು. ಲಟ್ಟಣಿಗೆ ಎಲ್ಲಿದೆ ಎಂದು ಕೇಳಿದೆ. ಆ ಮಾತನ್ನು ಅವರು ಇವತ್ತಿಗೂ ಬಂದವರ ಮುಂದೆ ಹೇಳಿ ನಗಿಸುತ್ತಾರೆ. ಅವತ್ತಿನಿಂದ ನನ್ನ ಪಾಠ ಶುರುವಾಯಿತು. ಎಸರು ಸರಿಯಾಗಿ ಕಾಯಲಿಲ್ಲ, ಹಿಟ್ಟು ಜಿಗಿ ಹಿಡಿಯಲಿಲ್ಲ, ಅಂಚು ದಪ್ಪವಾಯಿತು, ನಡು ತೆಳುವಾಯಿತು, ಒಂದೊಂದಕ್ಕೂ ಬೈಗುಳ. “ರೊಟ್ಟಿ ಬಡಿಯಾಕ ಹತ್ತೀಯೋ, ಕುಳ್ಳ ತಟ್ಟಾಕ ಹತ್ತೀಯೋ?” ಎಂದು ನನ್ನ ರೊಟ್ಟಿಯನ್ನು ಸಗಣಿಯ ಬೆರಣಿಗೆ ಹೋಲಿಸುವರು. ನಾನು ಬಡಿದ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ದಪ್ಪವಿದ್ದ ಕಡೆ ಬೆರಳಿಟ್ಟು ತೋರಿಸುವರು. ಮೈ ಬೆಚ್ಚಗಾದರೂ ಬಿಡಲಿಲ್ಲ, ಹಬ್ಬ ಬಂದರೂ ಬಿಡಲಿಲ್ಲ. ಈ ಹೆಂಗಸಿಗೆ ಇಷ್ಟು ಅವಸರ ಯಾಕೋ ಎಂದು ನಾನು ಹಿತ್ತಲಿಗೆ ಹೋಗಿ ಅತ್ತದ್ದುಂಟು. ಕಡೆಗೊಂದು ದಿನ ನನ್ನ ರೊಟ್ಟಿ ಹಂಚಿನ ಮೇಲೆ ಗುಂಡಗೆ ಉಬ್ಬಿ ನಿಂತಿತು. ಅತ್ತೆ ಮಣೆ ಬಿಟ್ಟು ಎದ್ದರು. ಆಮೇಲೆ ಎಷ್ಟೋ ವರ್ಷ ಆ ಮಣೆಯ ಮೇಲೆ ಅವರು ಕೂರಲಿಲ್ಲ.

ಅಲ್ಲಿಂದ ಮುಂದೆ ಅದು ನನ್ನ ಮಣೆ. ಅನ್ನ ಸಾರಿಗೆ ಗ್ಯಾಸು ಬಂತು, ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆಯೇ ಬೇಕೆಂದು ಹಟ ಹಿಡಿದು ಉಳಿಸಿಕೊಂಡೆ. ನಾನು ನೌಕರಿ ಮಾಡಿದವಳಲ್ಲ, ಹಾಡು ಹಸೆ ಬಾರದು, ಮೂಗಿನ ಮೇಲೇ ಕೋಪ, ಬಾಯಿ ಜೋರು. ಈ ಮನೆಯಲ್ಲಿ ನಿನ್ನ ಹೆಚ್ಚುಗಾರಿಕೆ ಏನು ಎಂದು ಯಾರಾದರೂ ಕೇಳಿದರೆ ರೊಟ್ಟಿ ಬುಟ್ಟಿ ತೋರಿಸಬೇಕೇ ಹೊರತು ಬೇರೆ ಉತ್ತರ ನನ್ನಲ್ಲಿರಲಿಲ್ಲ. ಆ ಬುಟ್ಟಿಗೇ ನಮ್ಮವರು ಕೈ ಹಾಕಿದರು.

“ಇಷ್ಟ್ಯಾಕ ಒದ್ದಾಡ್ತಿ? ಇನ್ನ ಮ್ಯಾಲ ರೊಟ್ಟಿ ಕೇಂದ್ರದಿಂದ ತರೂಣು. ನೀ ಆರಾಮ ಕುಂದ್ರು,” ಎಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ನನ್ನ ಕಿವಿಗೆ ಮಾತ್ರ, ನೀನಿನ್ನು ಯಾತಕ್ಕೂ ಬೇಡ ಎಂದಂತೆ ಕೇಳಿಸಿತು. ನನ್ನ ಕೈ ಮತ್ತೆ ರೊಟ್ಟಿಗೆ ಬರಬೇಕು, ಬಂದೇ ತೀರಬೇಕು ಎಂದು ಅವತ್ತು ಮನಸ್ಸಿನಲ್ಲೇ ಪಣ ತೊಟ್ಟೆ, ಗಂಡನ ಜೊತೆ ಮಾತು ಬಿಟ್ಟೆ.

ಆಮೇಲೆ ನಾನು ಮಾಡದ ಮದ್ದಿಲ್ಲ. ಮುಲಾಮು ತಿಕ್ಕಿದೆ, ಪಟ್ಟಿ ಸುತ್ತಿದೆ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಯಲಬುರ್ಗಾದ ಹತ್ತಿರದ ಹಳ್ಳಿಯಲ್ಲಿ ಅಂಥವರೊಬ್ಬರಿದ್ದಾರೆಂದು ನಾದಿನಿ ಅಲ್ಲಿಗೂ ಎಳೆದುಕೊಂಡು ಹೋದಳು. ಆ ಹಿರಿಯರು ನನ್ನ ಕೈಯನ್ನು ಎಲ್ಲ ದಿಕ್ಕಿನಿಂದ ನೋಡಿ, “ಟೊಂಕ ಆಗಿದ್ರ ಒದೀತಿದ್ನಿ. ಮೊಣಕೈ ಹೆಂಗ ಒದೀಲವಾ?” ಎಂದು ಚಹಾ ಕುಡಿಸಿ ಕಳಿಸಿದರು. ಅವರ ಪ್ರಾಮಾಣಿಕತೆಗೆ ಕೈ ಮುಗಿದು ಬಂದೆ. ಕೊಪ್ಪಳದ ಡಾಕ್ಟರು ಕೊಟ್ಟ ಗುಳಿಗೆ ನುಂಗುವಷ್ಟು ದಿನ ನೋವು ಮಲಗಿರುತ್ತಿತ್ತು, ಬಿಟ್ಟ ಕೂಡಲೇ ಎದ್ದು ಕೂರುತ್ತಿತ್ತು. ಅವರು ಹೇಳಿದ ವ್ಯಾಯಾಮವನ್ನೂ ಮಾಡಿದೆ. ತಿಂಗಳುಗಳು ಉರುಳಿದವು, ಕೈ ಹಾಗೇ ಇತ್ತು.

ಆಗ ಡಾಕ್ಟರು, “ಒಂದು ಕೆಲಸ ಮಾಡೂಣ್ರಿ ಅಕ್ಕಾರ. ನಿಮ್ಮ ರಕ್ತಾನ ನಿಮಗ ಔಷಧ ಮಾಡೂಣು,” ಎಂದರು.

ಅದಕ್ಕೆ ಪಿಆರ್‌ಪಿ ಎನ್ನುತ್ತಾರಂತೆ. ತೋಳಿನಿಂದ ಸ್ವಲ್ಪ ರಕ್ತ ತೆಗೆದು, ನಳಿಗೆಯಲ್ಲಿ ತುಂಬಿ, ಯಂತ್ರದೊಳಗಿಟ್ಟು ಗರಗರ ತಿರುಗಿಸುವುದು. ತಿರುಗಿದ ರಕ್ತದಲ್ಲಿ ಕೆಂಪು ಭಾಗ ಕೆಳಗೆ ಕೂರುತ್ತದೆ, ಹಳದಿ ನೀರಿನಂಥದ್ದು ಮೇಲೆ ನಿಲ್ಲುತ್ತದೆ. ನಮಗೆ ಗಾಯವಾದಾಗ ಮೊದಲು ಓಡಿಬಂದು ರಕ್ತ ನಿಲ್ಲಿಸುವ, ಹರಿದದ್ದು ಕೂಡಲು ನೆರವಾಗುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಆ ಹಳದಿ ಭಾಗದಲ್ಲಿ ಒತ್ತಾಗಿ ಸೇರಿಕೊಳ್ಳುತ್ತವೆ. ಅದನ್ನೇ ಮೊಣಕೈಯ ಸವೆದ ಸ್ನಾಯುವಿನ ಬುಡಕ್ಕೆ ಚುಚ್ಚುವುದು. “ಎಲ್ಲಾರಿಗೂ ಗುಣ ಆಗ್ತೈತಿ ಅಂತ ಹೇಳಂಗಿಲ್ರಿ. ಭಾಳ ಮಂದಿಗೆ ಆಗೈತಿ, ಕೆಲವ್ರಿಗೆ ಆಗಿಲ್ಲ. ಆಗೂದಿದ್ರೂ ಸಾವಕಾಶ ಆಗ್ತೈತಿ. ತಾಳ್ಮಿ ಬೇಕು,” ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ತಾಳ್ಮೆ ಎಂಬ ಮಾತು ಕೇಳಿ ನಮ್ಮವರು ನನ್ನ ಕಡೆ ನೋಡಿ ಕೆಮ್ಮಿದರು.

“ಆ ಮಷೀನು ಎಷ್ಟು ಆರ್‌ಪಿಎಂ ತಿರಗ್ತೈತ್ರಿ?” ಎಂಬುದು ಅವರ ಮೊದಲ ಪ್ರಶ್ನೆ. ಡಾಕ್ಟರು ಹೇಳಿದ ಉತ್ತರದಿಂದ ತೃಪ್ತಿಯಾಗಿ ತಲೆಯಾಡಿಸಿದರು. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, ತೋಳು ಮಡಚಿ ಕೈ ಮುಂದೆ ಚಾಚಿ ಹೇಳಿದರು: “ಇಕಿಗೆ ಮೊದ್ಲ ರಕ್ತ ಕಡಿಮಿ ಸಾಹೇಬ್ರ. ನಂದ ತಗೋರಲ್ಲ. ನನಗ ಭಾಳ ಐತಿ.”

“ನಿಮ್ದು ಆಗಂಗಿಲ್ರಿ. ಅವರದ ಅವರಿಗೆ ಆಗಬೇಕು,” ಎಂದು ಡಾಕ್ಟರು ನಕ್ಕರು.

ಚಾಚಿದ ಕೈಯನ್ನು ನಮ್ಮವರು ಸಪ್ಪೆ ಮುಖ ಮಾಡಿ ಹಿಂದಕ್ಕೆ ತೆಗೆದುಕೊಂಡರು. ಅಷ್ಟು ದಿನ ಕಟ್ಟಿಟ್ಟಿದ್ದ ನನ್ನ ಸಿಟ್ಟು ಅಲ್ಲೇ ಕರಗಿಹೋಯಿತು. ರೊಟ್ಟಿ ಕೇಂದ್ರದ ಮಾತನ್ನು ಹೊಟ್ಟೆಗೆ ಹಾಕಿಕೊಂಡೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಅವರಿಗೇ ಬಿಟ್ಟುಕೊಟ್ಟೆ, ಮಾತೂ ಆಡಿದೆ.

ಡಾಕ್ಟರು ಒಂದು ಕಟ್ಟುನಿಟ್ಟು ಹೇಳಿದ್ದರು. ಸೂಜಿಗೆ ಮುಂಚೆ ಒಂದಷ್ಟು ದಿನ, ಆಮೇಲೆ ಕೆಲವು ವಾರ, ನಾನು ನುಂಗುತ್ತಿದ್ದ ಬಾವು ಇಳಿಸುವ ನೋವಿನ ಗುಳಿಗೆ ಮುಟ್ಟಬಾರದು. ಸೂಜಿ ಚುಚ್ಚಿದ ಮೇಲೆ ಮೊದಲು ನೋವು ಹೆಚ್ಚೇ ಆಗಬಹುದು. ಆ ಬಾವು ಒಳಗೆ ರಿಪೇರಿ ನಡೆದಿರುವುದರ ಗುರುತು, ಗುಳಿಗೆ ನುಂಗಿ ಅದನ್ನು ನಿಲ್ಲಿಸಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಇದನ್ನು ಅವರು ನಮ್ಮಿಬ್ಬರಿಗೂ ಮತ್ತೆ ಮತ್ತೆ ಹೇಳಿದರು, ಮನೆಗೆ ಬಂದು ನಾವು ಅತ್ತೆಗೆ ಹೇಳಿದೆವು.

ಸೂಜಿಯ ದಿನ ಅತ್ತೆಯೂ ಸೀರೆ ಉಟ್ಟು ಹೊರಟು ನಿಂತರು. “ನೀವ್ಯಾಕ ಅತ್ತಿ, ಬಿಸಲಾಗ?” ಎಂದೆ. “ನನ್ನ ಸೊಸಿ ರಕ್ತ ತೆಗೀತಾರ, ನಾ ನೋಡಬ್ಯಾಡೇನು?” ಎಂದು ಚಪ್ಪಲಿ ಮೆಟ್ಟಿಕೊಂಡೇಬಿಟ್ಟರು. ಬಸ್ಸಿನುದ್ದಕ್ಕೂ ಪಕ್ಕದ ಸೀಟಿನ ಹೆಂಗಸಿಗೆ ನನ್ನ ಮೊಣಕೈಯ ಚರಿತ್ರೆ ಹೇಳಿದರು. ಕೊಪ್ಪಳ ಬರುವಷ್ಟರಲ್ಲಿ ಡ್ರೈವರನಿಗೂ ನನ್ನ ಬೇನೆ ಗೊತ್ತಾಗಿತ್ತು.

ದವಾಖಾನೆಯಲ್ಲಿ ರಕ್ತ ತೆಗೆದದ್ದು ಒಂದು ಚಹಾ ಕಪ್ಪಿನಷ್ಟೂ ಇಲ್ಲ. ಯಂತ್ರ ತಿರುಗಿ ನಿಂತ ಮೇಲೆ ಡಾಕ್ಟರು ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೆಳಗೆ ದಟ್ಟ ಕೆಂಪು, ಮೇಲೆ ಕುಸುಬಿ ಎಣ್ಣೆಯ ಬಣ್ಣದ ತಿಳಿ. ನನ್ನ ಮೈಯೊಳಗೆ ಇಂಥದ್ದೊಂದು ಇತ್ತೆಂದು ನನಗೇ ಬೆರಗಾಯಿತು. ಅತ್ತೆ ಮಾತ್ರ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು.

“ಕೆಳಗಿನ ಕೆಂಪಂದು ಏನ ಮಾಡ್ತೀರಿ?” ಎಂದು ಕೇಳಿದರು.

“ಅದು ಬ್ಯಾಡ ಅಜ್ಜಿ. ಚೆಲ್ತೀವಿ.”

“ಚೆಲ್ತೀರಿ? ಖರೇ ರಕ್ತ ಚೆಲ್ಲಿ, ನನ್ನ ಸೊಸಿಗೆ ನೀರ ಚುಚ್ಚತೀರಿ?”

ಡಾಕ್ಟರು ತಾಳ್ಮೆಯವರು. “ಅಜ್ಜಿ, ಮಸರ ಕಡದ್ರ ಬೆಣ್ಣಿ ಎಲ್ಲಿ ಬರ್ತೈತಿ?” ಎಂದರು.

“ಮ್ಯಾಲ.”

“ಇದೂ ಹಂಗ. ಮ್ಯಾಲ ಬಂದಿದ್ದ ಬೆಣ್ಣಿ.”

ಅತ್ತೆ ನಳಿಗೆಯನ್ನು ಮತ್ತೊಮ್ಮೆ ದಿಟ್ಟಿಸಿದರು. ಆಮೇಲೆ, “ಬೆಣ್ಣಿ ತಗದ ಮ್ಯಾಲ ಮಜ್ಜಿಗಿ ಯಾರೂ ಚೆಲ್ಲಂಗಿಲ್ಲ,” ಎಂದರು. ಡಾಕ್ಟರ ಹಿಂದೆ ನಿಂತಿದ್ದ ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಸೂಜಿಯ ಸಂಗತಿ ಹೇಳಿಯೇ ಬಿಡುತ್ತೇನೆ. ಪರದೆಯ ಮೇಲೆ ಒಳಗಿನ ಚಿತ್ರ ನೋಡುತ್ತ, ಚರ್ಮಕ್ಕೆ ಜೋಮು ಹಿಡಿಸುವ ಮದ್ದು ಹಾಕಿಯೇ ಚುಚ್ಚಿದರು. ಆದರೂ ಸೂಜಿ ಆಳಕ್ಕೆ ಇಳಿದು ಆ ಹಳದಿ ನೀರು ಒಳಗೆ ಒತ್ತಿಕೊಂಡು ಹೋಗುವಾಗ, “ನಿನ್ನ ಕೈ ಮುರೀಲಿ!” ಎಂಬ ಮಾತು ನನ್ನ ಬಾಯಿಂದ ಹಾರಿಹೋಯಿತು. ನಮ್ಮವರು ನಾಚಿಕೆಯಿಂದ ಗೋಡೆಯ ಕಡೆ ತಿರುಗಿದರು. “ನನ್ನ ಕೈ ಮುರದ್ರ ನಿಮ್ಮ ಕೈ ಯಾರು ನೋಡ್ತಾರ ಅಕ್ಕಾರ?” ಎಂದು ಡಾಕ್ಟರು ತಣ್ಣಗೆ ಹೇಳಿ ಹತ್ತಿ ಒತ್ತಿದರು. ತಪ್ಪಾತ್ರೀ ಎಂದೆ. ಇದು ದಿನಾ ಕೇಳುವ ಮಾತೇ ಎಂಬಂತೆ ಅವರು ಕೈ ತೊಳೆಯಲು ಹೋದರು.

ನಾವು ಕುಷ್ಟಗಿಗೆ ಮರಳುವ ಮುಂಚೆಯೇ ಸುದ್ದಿ ಬಂದು ಮುಟ್ಟಿತ್ತು. ಬಸ್ ಸ್ಟ್ಯಾಂಡಿನಲ್ಲಿ ‘ರಕ್ತ ತೆಗೆದರಂತೆ’ ಎಂದಿದ್ದದ್ದು ನಮ್ಮ ಓಣಿಗೆ ಬರುವಷ್ಟರಲ್ಲಿ ‘ಮೈಯಾಗಿನ ರಕ್ತ ಎಲ್ಲಾ ಬದಲಿ ಮಾಡ್ಯಾರಂತ’ ಎಂದಾಗಿತ್ತು. ನಮ್ಮಲ್ಲಿ ಬೇನೆ ಬಿದ್ದವರನ್ನು ಮಾತಾಡಿಸದಿದ್ದರೆ ಅದೊಂದು ದೊಡ್ಡ ಮಾತಾಗುತ್ತದೆ. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಜನ. ಬಂದವರ ಕೈಯಲ್ಲೆಲ್ಲ ರಕ್ತ ಹೆಚ್ಚಿಸುವ ಪದಾರ್ಥ. ಕುಷ್ಟಗಿ ಕಡೆಯ ತೋಟಗಳಲ್ಲಿ ದಾಳಿಂಬೆಗೆ ಕೊರತೆಯಿಲ್ಲ. ಮನೆಯ ಮೂಲೆಯಲ್ಲಿ ದಾಳಿಂಬೆ ರಾಶಿ ಬಿತ್ತು, ಅದರ ಮಗ್ಗುಲಿಗೆ ಬೀಟ್‌ರೂಟು, ಖರ್ಜೂರ. ಒಬ್ಬರಿಗೂ ‘ನನಗೆ ರಕ್ತ ಕಡಿಮೆಯಾಗಿಲ್ಲ’ ಎಂದು ನಂಬಿಸಲು ನನ್ನಿಂದಾಗಲಿಲ್ಲ. ಎಡಗೈಯಲ್ಲಿ ದಾಳಿಂಬೆ ಕಾಳು ಮುಕ್ಕುತ್ತ ಕೂತೆ.

ಎದುರುಮನೆಯ ಅಕ್ಕ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು: “ಯಾರ ರಕ್ತ ಹಾಕ್ಯಾರವಾ? ಮಂದಿದು ಹಾಕಿದ್ರ ಸ್ವಭಾವ ಬದಲಾಗ್ತೈತಂತ.”

ಒಳಗಿದ್ದ ಅತ್ತೆಗೆ ಕಿವಿ ಚುರುಕು. “ಆಕಿದ ಆಕಿಗೆ ಹಾಕ್ಯಾರ. ಸ್ವಭಾವ ಎಲ್ಲಿ ಬದಲಾಗ್ತೈತಿ, ನಮ್ಮ ದೈವ!” ಎಂದು ಅಲ್ಲಿಂದಲೇ ಕೂಗಿದರು. ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಕ್ಕರೆ ಕೈ ನೋಯುತ್ತಿತ್ತು.

ನೋವು ಡಾಕ್ಟರು ಹೇಳಿದಂತೆಯೇ ಏರಿತು. ಮೊಣಕೈ ಊದಿ ಬಿಸಿಯಾಯಿತು, ತಲೆ ಬಾಚಿಕೊಳ್ಳಲೂ ಆಗದು. ನಮ್ಮ ಓಣಿಯಲ್ಲಿ ನೋವಿನ ಗುಳಿಗೆ ಇಲ್ಲದ ಚೀಲವೇ ಇಲ್ಲ. ಮಾತಾಡಿಸಲು ಬಂದವರು ಹೊರಡುವಾಗ ಒಂದೊಂದು ಗುಳಿಗೆ ತೆಗೆದು ನನ್ನ ಮುಂದಿಟ್ಟು, “ಇದು ಭಾಳ ಛಲೋ ಐತಿ, ನಮ್ಮನಿಯವ್ರಿಗೆ ಒಂದಕ್ಕ ಬಿಟ್ಟಿತು,” ಎನ್ನುವರು. ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಸೂಜಿ ದಂಡವಾಯಿತು, ಕೈ ಹೋಯಿತು, ಇನ್ನು ಜೀವನಪೂರ್ತಿ ದಾಳಿಂಬೆ ತಿನ್ನುತ್ತ ಕೂರುವುದೇ ಸೈ ಎಂದು ಅಳು ಬಂತು. ಒಂದು ಗುಳಿಗೆ ಅಂಗೈಗೆ ಹಾಕಿಕೊಂಡು ನೀರಿನ ಚೆಂಬಿಗೆ ಕೈ ಚಾಚಿದೆ. ಅತ್ತೆ ಎಲ್ಲಿದ್ದರೋ, ಬಂದು ಕಸಿದುಕೊಂಡರು.

“ಬಾವು ಇಳಸು ಗುಳಗಿ ಬ್ಯಾಡ ಅಂತ ಡಾಕ್ಟರ್ ಹೇಳಿಲ್ಲೇನು?”

“ನಿಮಗ ಆ ಡಾಕ್ಟರ್ ಮ್ಯಾಲ ನಂಬಿಕಿ ಎಲ್ಲೈತಿ ಅತ್ತಿ? ನೀವ ಅಂದ್ರೆಲ್ಲ, ನೀರ ಚುಚ್ಯಾನ ಅಂತ.”

“ಅಂದಿದ್ನಿ. ಆದ್ರ ಹೆಪ್ಪು ಹಾಕಿದ ಗಡಗಿ ಯಾರರ ಅಲ್ಲಾಡಸ್ತಾರೇನು? ಒಳಗ ಏನೋ ನಡದೈತಿ. ಸುಮ್ಮಕ ಬಿದ್ದಿರು.”

ಆ ಮೇಲೆ ಅವರೇ ಕಾವಲಿಗೆ ನಿಂತರು. ಬಂದವರು ಚೀಲಕ್ಕೆ ಕೈ ಹಾಕಿದರೆ ಸಾಕು, “ದಾಳಿಂಬರಿ ಇದ್ರ ಇಡ್ರಿ, ಗುಳಗಿ ಇದ್ರ ಮನಿಗೆ ಒಯ್ರಿ,” ಎನ್ನುವರು. ನಮ್ಮವರು ಡಾಕ್ಟರಿಗೆ ಫೋನು ಮಾಡಿದಾಗ, ಅಷ್ಟೂ ತಡೆಯದಿದ್ದರೆ ಜ್ವರಕ್ಕೆ ಕೊಡುವ ಸಾದಾ ಗುಳಿಗೆ ಒಂದು ನಡೆಯುತ್ತದೆ ಎಂದರು. ಅದನ್ನೂ ಅತ್ತೆ ತಮ್ಮ ಸೆರಗಿನ ಗಂಟಿನಲ್ಲಿಟ್ಟುಕೊಂಡು, ನನ್ನ ಮುಖ ನೋಡಿ, ಬೇಕೇ ಬೇಕೆನಿಸಿದರೆ ಮಾತ್ರ ಬಿಚ್ಚಿ ಕೊಡುತ್ತಿದ್ದರು. ಕೆಲವು ದಿನಗಳಲ್ಲಿ ಬಾವು ತಾನಾಗಿ ಇಳಿಯಿತು. ಆದರೆ ಬಲಗೈಯಿಂದ ನಾದುವುದು ಬಡಿಯುವುದು ಇನ್ನೂ ಬಹಳ ದಿನ ಇಲ್ಲ ಎಂಬ ಆಜ್ಞೆ ಹಾಗೇ ಉಳಿಯಿತು.

ರೊಟ್ಟಿಯ ಪಾಡು ಕೇಳಬೇಡಿ. ನಮ್ಮವರು ಕೇಂದ್ರದಿಂದ ತಂದರು. ರೊಟ್ಟಿಯಲ್ಲಿ ತಪ್ಪಿರಲಿಲ್ಲ, ತೆಳ್ಳಗೆ ಚೆನ್ನಾಗಿಯೇ ಇತ್ತು. ಹಲ್ಲು ಉದುರಿದ ಅತ್ತೆ ಮಾತ್ರ ಅದನ್ನು ಬೇಳೆಯಲ್ಲಿ ನೆನೆಸಿ, ಅರ್ಧ ತಿಂದು, ಹಸಿವಿಲ್ಲ ಎಂದು ತಾಟು ಸರಿಸುವರು. ನನಗೆ ನೋಡಲಾಗಲಿಲ್ಲ. ಬಲಗೈ ಬೇಡವೆಂದಿದ್ದಾರೆ, ಎಡಗೈ ಬೇಡವೆಂದಿಲ್ಲವಲ್ಲ ಎಂದು ಎಡಗೈಯಲ್ಲೇ ನಾಲ್ಕು ಹಿಡಿ ಹಿಟ್ಟು ಹೇಗೋ ಕಲಸಿ ಬಡಿಯಲು ಕೂತೆ. ಬಲಗೈಯಲ್ಲಿ ಬಡಿದರೆ ರೊಟ್ಟಿ ಒಂದು ಕಡೆಗೆ ತಿರುಗುತ್ತ ಬೆಳೆಯುತ್ತದೆ. ಎಡಗೈಗೆ ಅದು ಉಲ್ಟಾ ತಿರುಗಿತು, ತಿರುಗುತ್ತ ತಿರುಗುತ್ತ ಕಲ್ಲಿನ ಅಂಚಿಗೆ ನಡೆದುಹೋಗಿ ನೆಲಕ್ಕೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ನಮ್ಮವರು, “ಕರೆಂಟಿನ ಫೇಸ್ ಉಲ್ಟಾ ಆಗೈತಿ. ಮೋಟಾರೂ ಹಿಂಗ ತಿರಗ್ತೈತಿ,” ಎಂದು ಹೊಟ್ಟೆ ಹಿಡಿದು ನಕ್ಕರು. ನಾನು ಹಿಟ್ಟಿನ ಕೈಯಲ್ಲೇ ಅವರನ್ನು ಅಂಗಡಿಗೆ ಅಟ್ಟಿದೆ. ಅತ್ತೆ ನೆಲದ ಮೇಲಿನ ಹಿಟ್ಟನ್ನು ನೋಡಿದರು, ನನ್ನ ಮುಖ ನೋಡಿದರು, ಎದ್ದು ಹೋದರು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಟಪ್ ಟಪ್ ಎಂಬ ಸದ್ದು ಕೇಳಿ ಎಚ್ಚರವಾಯಿತು. ನಮ್ಮವರೇ ಏನೋ ಹೊಸ ಪ್ರಯೋಗ ಮಾಡಿ ಕಲ್ಲು ಒಡೆಯುತ್ತಿದ್ದಾರೆಂದು ಓಡಿಹೋದೆ. ಅವರು ಪರಾತದ ಮುಂದೆ ಬನಿಯನ್ನಿನಲ್ಲಿ ಕೂತು ಹಿಟ್ಟು ನಾದುತ್ತಿದ್ದರು. ಮಣೆಯ ಮೇಲೆ ಅತ್ತೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಸಣಕಲು ಕೈಗಳಿಂದ ರೊಟ್ಟಿ ಬಡಿಯುತ್ತಿದ್ದರು. ನನ್ನಷ್ಟು ಜೋರಿಲ್ಲ, ವೇಗವಿಲ್ಲ. ಆದರೆ ರೊಟ್ಟಿ ಅವರ ಅಂಗೈಯ ಕೆಳಗೆ ಹೇಳಿದ ಮಾತು ಕೇಳುತ್ತ ಅಗಲವಾಗುತ್ತಿತ್ತು.

“ನೀರ ಹಚ್ಚಿ ನಾದಪಾ. ನಟ್ ಬಿಚ್ಚಿದಂಗ ತಿರವಬ್ಯಾಡ,” ಎಂದು ಮಗನಿಗೆ ಗದರಿಸಿದರು.

“ಅತ್ತಿ, ನೀವ್ಯಾಕ ಕುಂತ್ರಿ? ಏಳ್ರಿ ಮ್ಯಾಲ,” ಎಂದು ನಾನು ಗಾಬರಿಯಾದೆ.

“ತಾಟ ತಗೊಂಡು ಕುಂದ್ರು.”

“ನೀವು ಮೊದ್ಲ ಉಣ್ರಿ. ನಾ ಆಮ್ಯಾಲ...”

“ಕುಂದ್ರು ಅಂದೆ.”

ಕೂತೆ. ಹಂಚಿನ ಮೇಲಿಂದ ನೇರ ನನ್ನ ತಾಟಿಗೆ ರೊಟ್ಟಿ ಬಿತ್ತು. ಮಗ್ಗುಲಿಗೆ ಪುಂಡಿಪಲ್ಯ, ಮೇಲೊಂದು ಬೆಣ್ಣೆ ಉಂಡೆ. ಮುರಿದರೆ ಒಳಗಿಂದ ಹಬೆ ಎದ್ದು ಬೆರಳು ಸುಟ್ಟಿತು. ಪದರ ಮೆತ್ತಗೆ, ಅಂಚು ಗರಿ, ಜೋಳದ ಸಿಹಿ ವಾಸನೆ ಮೂಗಿಗೇ ಬಡಿಯಿತು. ಬಾಯಿಗಿಟ್ಟ ಕೂಡಲೇ ನನಗೆ ಒಂದು ವಿಷಯ ತಿಳಿಯಿತು. ನಾನು ಬಡಿದ ರೊಟ್ಟಿಗೆ ಲೆಕ್ಕವಿಲ್ಲ, ಆದರೆ ಈ ಮನೆಗೆ ಬಂದ ಮೇಲೆ ಬಿಸಿ ರೊಟ್ಟಿ ತಿಂದೇ ಇರಲಿಲ್ಲ. ಬಡಿಯುವವಳು ಮಣೆ ಬಿಟ್ಟು ಏಳುವಂತಿಲ್ಲ. ಒಂದು ಕಲ್ಲಿನ ಮೇಲೆ, ಒಂದು ಹಂಚಿನ ಮೇಲೆ, ಒಂದು ಕೆಂಡದ ಬದಿಗೆ. ಎಲ್ಲರೂ ಉಂಡು ಕೈ ತೊಳೆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದು ಅವಳದು, ಅಷ್ಟರಲ್ಲಿ ಅದು ತಣ್ಣಗಾಗಿ ಬಿರುಸಾಗಿರುತ್ತದೆ. ನಮ್ಮ ಕಡೆ ಮನೆಮನೆಯ ರೀತಿಯೇ ಇದು. ಯಾರೂ ಬೇಕೆಂದು ಮಾಡಿದ್ದಲ್ಲ, ಯಾರಿಗೂ ಹೊಳೆದಿರಲಿಲ್ಲ ಅಷ್ಟೇ. ನನಗೂ ಹೊಳೆದಿರಲಿಲ್ಲ.

“ಹೆಂಗೈತಿ?” ಎಂದು ಅತ್ತೆ ಕೇಳಿದರು.

ಛಲೋ ಐತಿ ಎನ್ನಲು ಹೋದೆ, ಕಣ್ಣೀರು ತಾಟಿಗೆ ಬಿತ್ತು. ನಮ್ಮವರು ಹಿಟ್ಟಿನ ಕೈ ಎತ್ತಿ, “ಕೈ ನೋಯಾಕ ಹತ್ತೇತೇನು? ಡಾಕ್ಟರಿಗೆ ಫೋನ್ ಹಚ್ಚಲೇನು?” ಎಂದು ಗಡಬಡಿಸಿದರು.

“ಕೈ ಅಲ್ಲಪಾ. ನೀ ನಾದು,” ಎಂದ ಅತ್ತೆ ಇನ್ನೊಂದು ಉಂಡೆ ಕಲ್ಲಿನ ಮೇಲಿಟ್ಟರು. ಆಮೇಲೆ ಬಡಿಯುತ್ತಲೇ ಹೇಳಿದರು: “ನನಗ ಈ ಮನ್ಯಾಗ ಬಿಸಿ ರೊಟ್ಟಿ ಸಿಕ್ಕಿದ್ದು ನೀ ಕಲ್ತ ಮ್ಯಾಲ. ಅದಕ್ಕ ನಿನಗ ಅಷ್ಟ ಬೈದ ಬೈದ, ಅವಸರ ಮಾಡಿ ಕಲಿಸಿದ್ನಿ.”

ನಾನು ಅಳುವುದನ್ನು ನಿಲ್ಲಿಸಿ ಅವರನ್ನೇ ನೋಡಿದೆ. “ಅಯ್ಯ ಅತ್ತಿ! ಒಂದು ಬಿಸಿ ರೊಟ್ಟಿ ಸಲುವಾಗಿ ನನ್ನ ಕುಳ್ಳ ತಟ್ಟಾಕಿ ಮಾಡಿದ್ರಿ?”

“ಒಂದ ಯಾಕ, ಇಷ್ಟ ವರ್ಷ ದಿನಾ ತಿಂದೀನಿ,” ಎಂದು ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಳುತ್ತಲೇ ನಗುತ್ತ, ನಗುತ್ತಲೇ ತಿನ್ನುತ್ತ ಅವತ್ತು ನಾನು ಎಷ್ಟು ರೊಟ್ಟಿ ಮುಗಿಸಿದೆನೆಂದು ಹೇಳಲು ನಾಚಿಕೆಯಾಗುತ್ತದೆ.

ಅಂದಿನಿಂದ ಅದೇ ಕ್ರಮವಾಯಿತು. ಅಂಗಡಿ ತೆರೆಯುವ ಮುಂಚೆ ನಮ್ಮವರು ನಾದುವರು, ಅತ್ತೆ ನಮ್ಮ ಮೂವರಿಗೆ ಸಾಲುವಷ್ಟು ಬಡಿಯುವರು, ನಾನು ಎಡಗೈಯಲ್ಲಿ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆ ಆಡಿಸುವೆ. ಮೊದಲ ರೊಟ್ಟಿ ನನಗೆ. ನಾನು ಅರ್ಧ ತಿಂದು ಏಳಲು ಹೋದರೆ ಅತ್ತೆ ಕಣ್ಣು ಕೆಂಪಗೆ ಮಾಡುವರು. ಮಧ್ಯಾಹ್ನ ಡಾಕ್ಟರು ತೋರಿಸಿದ ಹಾಗೆ ಕೈ ಚಾಚುವುದು, ಮಡಚುವುದು. ವಾರಗಳು ಕಳೆದ ಹಾಗೆ ಒಂದೊಂದೇ ಕೆಲಸ ನನಗೆ ಮರಳಿ ಸಿಕ್ಕಿತು. ಮೊದಲು ಬಾಚಣಿಗೆ, ಆಮೇಲೆ ಹಾಲಿನ ಪಾತ್ರೆ. ಒಂದು ದಿನ ಯೋಚಿಸದೇ ಕುಕ್ಕರಿನ ಮುಚ್ಚಳ ತಿರುವಿಬಿಟ್ಟೆ, ತಿರುವಿದ ಮೇಲೆ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲ ತೋರಿಸುತ್ತ ಓಡಾಡಿದೆ. ಆದರೂ ಒಳಗೊಳಗೇ ಪುಕಪುಕ ಇದ್ದೇ ಇತ್ತು. ಮುಚ್ಚಳ ಬೇರೆ, ರೊಟ್ಟಿ ಬೇರೆ.

ಕೈ ತೋರಿಸಲು ಮತ್ತೆ ಕೊಪ್ಪಳಕ್ಕೆ ಹೋದ ದಿನ ಅತ್ತೆಯೂ ಬಂದರು. ಡಾಕ್ಟರು ನನ್ನ ಮೊಣಕೈಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿದರು. ಮುಷ್ಟಿ ಕಟ್ಟಿ ಕೈಯನ್ನು ಮೇಲಕ್ಕೆ ಎತ್ತಲು ಹೇಳಿ, ತಾವು ಮೇಲಿಂದ ಕೆಳಕ್ಕೆ ಒತ್ತಿ ಹಿಡಿದರು. ಮುಂಚೆ ಹೀಗೆ ಮಾಡಿದಾಗ ಚೀರಿದ್ದೆ. ಈಗ ಕಣ್ಣು ಮುಚ್ಚಿ ಕಾದೆ. ನೋವು ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದರು. ಆಗಲೂ ಬರಲಿಲ್ಲ.

“ಗೆದ್ರಿ ಅಕ್ಕಾರ,” ಎಂದರು ಡಾಕ್ಟರು. “ನಾಳಿಂದ ಸಾವಕಾಶ ರೊಟ್ಟಿ ಬಡೀಬಹುದು. ಮೊದ್ಲ ಎರಡ ಮೂರ ಬಡೀರಿ, ಆಮ್ಯಾಲ ಹೆಚ್ಚಿಗಿ ಮಾಡ್ಕೊಂತ ಹೋಗ್ರಿ.”

ಆ ಮಾತಿಗೆ ಎಷ್ಟು ತಿಂಗಳಿಂದ ಕಾದಿದ್ದೆನೋ. ಬಲಗೈಯನ್ನು ಎಡಗೈಯಿಂದ ಸವರಿಕೊಂಡೆ, ನಮ್ಮವರ ಬೆನ್ನಿಗೆ ಅದೇ ಬಲಗೈಯಿಂದ ಒಂದು ಗುದ್ದು ಕೊಟ್ಟೆ, ಡಾಕ್ಟರಿಗೆ ಕೈ ಮುಗಿದೆ. ಅತ್ತೆ ಮಾತ್ರ ನಗಲಿಲ್ಲ. ಕುರ್ಚಿಯನ್ನು ಡಾಕ್ಟರ ಮೇಜಿನ ಹತ್ತಿರ ಎಳೆದುಕೊಂಡು ಕೂತರು.

“ಸಾಹೇಬ್ರ, ಇನ್ನೊಂದ ತಿಂಗಳ ಬ್ಯಾಡ ಅಂತ ಹೇಳ್ರಿ.”

“ಯಾಕ್ರಿ ಅಜ್ಜಿ? ಕೈ ಆರಾಮ ಆಗೈತಲ್ಲ.”

“ಕೈ ಆಗೈತ್ರಿ,” ಎಂದರು ಅತ್ತೆ. “ಬಿಸಿ ರೊಟ್ಟಿ ತಿನ್ನೂದು ಈಗಷ್ಟ ಕಲ್ತಾಳ. ಅರ್ಧಕ್ಕ ಬಿಡಿಸಬ್ಯಾಡ್ರಿ.”